ನಾಚಿಕೆ ಬೇಡ, ಮದ್ದು ಬೇಕು

ರಾತ್ರಿಯೆಲ್ಲ ಮೂತ್ರಕ್ಕೆ ಎದ್ದೆದ್ದು ನಿದ್ದೆಗೆಟ್ಟ ಹಿರಿಯರು ಬೆಳಿಗ್ಗೆ ಮಗ್ಗದ ಮುಂದೆ ನಿಲ್ಲುತ್ತಾರೆ, ಅಂಗಡಿಯ ಬಾಗಿಲು ತೆರೆಯುತ್ತಾರೆ. ವಯಸ್ಸಾಯಿತೆಂದು ಸುಮ್ಮನಿರುತ್ತಾರೆ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರದ ದಾರಿಯನ್ನು ಅಮುಕಿದರೂ ಈ ಬಾಧೆ ಬರುತ್ತದೆ, ಅದಕ್ಕೆ ಮದ್ದುಂಟು. ಟ್ಯಾಮ್ಸುಲೋಸಿನ್ ಅಲ್ಲಿಯ ಸ್ನಾಯುಗಳನ್ನು ಸಡಿಲಿಸಿ ಕೆಲವೇ ದಿನಗಳಲ್ಲಿ ನೆಮ್ಮದಿ ಕೊಡಬಲ್ಲದು. ಆದರೆ ಥಟ್ಟನೆ ಎದ್ದರೆ ತಲೆ ಸುತ್ತಬಹುದು. ಯಂತ್ರದ ಬಳಿ ಎಚ್ಚರವಿರಲಿ. 1992ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫಿನಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುತ್ತದೆ. ಫಲ ಕಾಣಲು ಆರು ತಿಂಗಳಾದರೂ ಹಿಡಿಯಬಹುದು.

ಅಷ್ಟು ಕಾಲ ದುಬಾರಿ ಮಾತ್ರೆ ಕೊಳ್ಳಲಾರದೆ ನಡುವೆ ಬಿಡುವುದು ಬಡವನ ತಪ್ಪಲ್ಲ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಮಳಿಗೆಗಳಲ್ಲಿ ಇಂಥ ಮದ್ದುಗಳು ಅಗ್ಗ. ವೈದ್ಯರು ಕಂಪೆನಿಯ ಹೆಸರಲ್ಲ, ಮದ್ದಿನ ಹೆಸರು ಬರೆಯಲಿ. ಸರ್ಕಾರಿ ಆಸ್ಪತ್ರೆಗಳು ಇದನ್ನು ತಪ್ಪದೆ ಪುಕ್ಕಟೆ ಕೊಡಲಿ ಎಂದು ನಾವು ಒತ್ತಾಯಿಸುತ್ತೇವೆ. ಹಿರಿಯರೇ, ಮೊದಲು ವೈದ್ಯರಿಗೆ ತೋರಿಸಿ.