ತಾತ್ಕಾಲಿಕ ಎಂಬುದೇ ತಕರಾರು

ವಿಜ್ಞಾನ ವಸ್ತುಪ್ರದರ್ಶನದ ಕಾಲ ಬಂದರೆ ಕರಾವಳಿಯ ಕೆಲವು ಶಾಲೆಗಳ ಮೇಜಿನ ಮೇಲೆ ಗಾಜಿನ ತೊಟ್ಟಿ ಬಂದು ಕೂರುತ್ತದೆ. ಇಳಿತದ ಹೊತ್ತಿನಲ್ಲಿ ಬಂಡೆಗುಂಡಿಗಳಿಂದ ಹಿಡಿದು ತಂದ ಸನ್ಯಾಸಿ ಏಡಿ, ನಕ್ಷತ್ರ ಮೀನು, ಕಡಲ ಹೂವು (ಸೀ ಅನಿಮನಿ) ಎಲ್ಲವೂ ಅದರೊಳಗೆ. ಹಿಂದೆಯೇ ಜಗಳವೂ ಶುರು. ಮುಟ್ಟಲೇಬಾರದು ಎಂದು ಪ್ರಾಣಿದಯೆಯವರು. ನಾಲ್ಕೇ ದಿನ, ಆಮೇಲೆ ವಾಪಸು ಬಿಟ್ಟುಬಿಡುತ್ತೇವಲ್ಲ ಎಂದು ಮೇಷ್ಟ್ರುಗಳು.

ನನಗೆ ಇಬ್ಬರ ಮಾತೂ ಒಪ್ಪಿಗೆಯಿಲ್ಲ. ಆದರೆ ಹೆಚ್ಚಿನ ಸಿಟ್ಟು ಆ ‘ನಾಲ್ಕೇ ದಿನ’ದ ಮೇಲೆ. ಕಡಿಮೆ ದಿನ ಇಟ್ಟುಕೊಂಡರೆ ಕಡಿಮೆ ಹಿಂಸೆ ಎಂಬ ಲೆಕ್ಕ ಕೇಳಲು ಚೆಂದ, ತೊಟ್ಟಿಯೊಳಗೆ ನಡೆಯುವುದು ಬೇರೆ. ನೀರಲ್ಲಿರುವ ಪ್ರಾಣಿ ಸುಮ್ಮನೆ ಕೂತಿದ್ದರೂ ಅದರ ಮೈಯಿಂದ ಅಮೋನಿಯಾ ಹೊರಬರುತ್ತಲೇ ಇರುತ್ತದೆ. ಹಳೆಯ ತೊಟ್ಟಿಯಲ್ಲಿ ಮರಳು, ಜಲ್ಲಿ, ಫಿಲ್ಟರಿನ ಮೇಲೆ ನೆಲೆನಿಂತ ಬ್ಯಾಕ್ಟೀರಿಯಾಗಳು ಆ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಆ ಬ್ಯಾಕ್ಟೀರಿಯಾ ಹದಕ್ಕೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಸೋಮವಾರ ಕಟ್ಟಿ ಶುಕ್ರವಾರ ಬಿಚ್ಚುವ ತೊಟ್ಟಿಗೆ ಆ ಆರು ವಾರ ಎಲ್ಲಿಂದ ಬರಬೇಕು? ಸಮುದ್ರದ ನೀರಿನ ಪಿಎಚ್ 8ಕ್ಕಿಂತ ತುಸು ಮೇಲೆ. ಅಷ್ಟು ಕ್ಷಾರದ ನೀರಲ್ಲಿ ಅಮೋನಿಯಾದ ವಿಷದ ಪಾಲು ಇನ್ನೂ ಹೆಚ್ಚು. ಅದರ ಮೇಲೆ ಮಕ್ಕಳು ಪ್ರೀತಿಯಿಂದ ಹಾಕಿದ ಸೀಗಡಿ ಚೂರು ಮೂಲೆಯಲ್ಲಿ ಕೊಳೆಯುತ್ತಿರುತ್ತದೆ. ವರ್ಷಗಟ್ಟಲೆ ಇಡುವ ತೊಟ್ಟಿಗಿಂತ ನಾಲ್ಕು ದಿನದ ತೊಟ್ಟಿಯೇ ಅಪಾಯದ್ದು.

ಬಂಡೆಗುಂಡಿಯ ಜೀವಗಳು ಗಟ್ಟಿ, ಸುಡುಬಿಸಿಲು ತಡೆಯುತ್ತವೆ, ಮಳೆನೀರು ಬಿದ್ದರೂ ಬದುಕುತ್ತವೆ ಎನ್ನುವ ಸಮರ್ಥನೆಯೂ ಉಂಟು. ಗಟ್ಟಿ ಹೌದು, ಆದರೆ ಎಷ್ಟು ಹೊತ್ತಿಗೆ? ನಮ್ಮ ತೀರದಲ್ಲಿ ಕಡಲು ದಿನಕ್ಕೆ ಎರಡು ಸಲ ಏರುತ್ತದೆ. ಗುಂಡಿಯ ನೀರು ಕಾದಿರಲಿ, ಉಪ್ಪೇರಿರಲಿ, ಉಸಿರು ಕಟ್ಟಿರಲಿ, ಕೆಲವೇ ತಾಸುಗಳಲ್ಲಿ ಅಲೆ ಬಂದು ಎಲ್ಲವನ್ನೂ ತೊಳೆದು ಹೊಸದು ತುಂಬುತ್ತದೆ. ಆ ಜೀವಗಳ ತಾಳ್ಮೆ ಆ ಅವಧಿಗೆ ಹದಗೊಂಡದ್ದು. ಏಪ್ರಿಲ್ ಮಧ್ಯಾಹ್ನದ ತರಗತಿಯಲ್ಲಿ ಭರತ ಬರುವುದಿಲ್ಲ. ಬರುವುದು ಕರೆಂಟು, ಅದೂ ಆಗಾಗ ಹೋಗುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ನಿಲ್ಲುವ ಆಮ್ಲಜನಕ ಕಡಿಮೆ.

ಈ ಹುಚ್ಚಿಗೆ ಇತಿಹಾಸವೂ ಇದೆ. ಲಂಡನ್ ಮೃಗಾಲಯ 1853ರಲ್ಲಿ ತೊಟ್ಟಿಗಳ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ತಂದ. ಗಾಸ್ ದೈವಭಕ್ತ, ಆ ಜೀವಗಳನ್ನು ಮನಸಾರೆ ಪ್ರೀತಿಸಿದವ. ಪುಸ್ತಕ ಓದಿದವರೆಲ್ಲ ಪಾತ್ರೆ ಹಿಡಿದು ಇಂಗ್ಲೆಂಡಿನ ತೀರಗಳಿಗೆ ಓಡಿದರು. ಅಪ್ಪ ಬಣ್ಣಿಸಿದ ಬಂಡೆಗುಂಡಿಗಳು ಸಂಗ್ರಾಹಕರ ಕೈಯಲ್ಲಿ ಬರಿದಾದ ಕಥೆಯನ್ನು ಮಗ ಎಡ್ಮಂಡ್ ಗಾಸ್ 1907ರ ತನ್ನ ಆತ್ಮಕಥನದಲ್ಲಿ ನೊಂದು ಬರೆದಿದ್ದಾನೆ. ಅಲ್ಲಿಗೆ ಹೋದವರಲ್ಲಿ ದುಷ್ಟರು ಎಷ್ಟಿದ್ದರೋ ಕಾಣೆ. ಎಲ್ಲರೂ ಒಂದೊಂದೇ ತಂದಿದ್ದರೂ ಸಾಕಿತ್ತು. ಟ್ರಾಲ್ ಬೋಟುಗಳು ಬಾಚುವುದರ ಮುಂದೆ ನಮ್ಮ ಮೂರು ಏಡಿ ಯಾವ ಲೆಕ್ಕ ಎಂದು ಕೇಳುವವರು ಇದನ್ನು ನೆನೆಯಲಿ. ಕರ್ನಾಟಕದ ತೀರ ಬಹುಪಾಲು ಮರಳಿನದು. ಮಕ್ಕಳು ಸುರಕ್ಷಿತವಾಗಿ ಇಳಿಯಬಹುದಾದ ಬಂಡೆಗಳು ಕೆಲವೇ. ಎಲ್ಲ ಶಾಲೆಯೂ ಹೋಗುವುದು ಅಲ್ಲಿಗೇ.

ಹಾಗಂತ ಪೂರ್ತಿ ನಿಷೇಧಿಸಿ ಎನ್ನುವವರ ಜೊತೆಗೂ ನಾನಿಲ್ಲ. ಅದೇ ಬಂಡೆಯಿಂದ ಕಿತ್ತ ನೀಲಿಕಲ್ಲು ಚಿಪ್ಪಿನ ಸುಕ್ಕವನ್ನು ಭಾನುವಾರ ಚಪ್ಪರಿಸಿ, ಸೋಮವಾರ ಮಗು ಏಡಿಯನ್ನು ನೋಡಲೂ ಬಾರದು ಎನ್ನುವುದು ತಮಾಷೆಯೇ. ತೊಟ್ಟಿಯೆಂದರೆ ಸಾವೇ ಎಂಬುದೂ ಸುಳ್ಳು. ಸ್ಕಾಟ್ಲೆಂಡಿನ ಸರ್ ಜಾನ್ ಡಾಲಿಯೆಲ್ 1828ರಲ್ಲಿ ನಾರ್ತ್ ಬೆರ್ವಿಕ್ ತೀರದಿಂದ ಒಂದು ಕಡಲ ಹೂವನ್ನು ತಂದು ಗಾಜಿನ ಪಾತ್ರೆಯಲ್ಲಿಟ್ಟ. ಅವನು 1851ರಲ್ಲಿ ಸತ್ತ, ಅದು ಬದುಕಿತ್ತು. ಕೈಯಿಂದ ಕೈಗೆ ದಾಟಿ, ‘ಗ್ರ್ಯಾನಿ’ ಎಂದು ಹೆಸರಾಗಿ, 1887ರವರೆಗೆ ಬಾಳಿತು. ಪಂಪಿಲ್ಲ, ಫಿಲ್ಟರಿಲ್ಲ. ಯಾರೋ ಒಬ್ಬರು ತಪ್ಪದೆ ಸಮುದ್ರದ ನೀರು ತಂದು ಬದಲಿಸುತ್ತಿದ್ದರು, ಅಷ್ಟೆ.

ನಿಯಮ ಮಾಡುವುದಾದರೆ ಅಲ್ಲಿಂದಲೇ ಮಾಡಿ. ಹೊಸ ಕಡಲ ನೀರನ್ನು ಕೊಡದಲ್ಲಿ ಹೊತ್ತು ತರಬಲ್ಲಷ್ಟು ಹತ್ತಿರದ ಶಾಲೆ ಮಾತ್ರ ತೊಟ್ಟಿ ಇಡಲಿ, ಅದೂ ಒಂದೇ ಹಗಲು. ಬೆಳಗಿನ ಇಳಿತದಲ್ಲಿ ತಂದದ್ದು ಸಂಜೆಯೊಳಗೆ ಅದೇ ಗುಂಡಿಗೆ. ತಾನಾಗಿ ಓಡಾಡುವ ಏಡಿ, ಶಂಖದ ಹುಳ ಎರಡೋ ಮೂರೋ ಸಾಕು. ಬಂಡೆಗೆ ಕಚ್ಚಿಕೊಂಡದ್ದನ್ನು ಕೀಳಲೇಬಾರದು. ಕಿತ್ತರೆ ಕಡಲ ಹೂವಿನ ಬುಡ ಹರಿಯುತ್ತದೆ. ಲಿಂಪೆಟ್ ಜಾತಿಯ ಎಷ್ಟೋ ಚಿಪ್ಪುಜೀವಿಗಳು ಮೇಯ್ದು ಬಂದು ಬಂಡೆಯ ಮೇಲಿನ ತಮ್ಮದೇ ಗುರುತಿನ ಜಾಗದಲ್ಲೇ ಕೂರುತ್ತವೆ. ಬೇರೆ ಕಡೆ ಬಿಟ್ಟರೆ ಅವಕ್ಕೆ ಮನೆಯಿಲ್ಲ. ಒಂದು ಹಗಲಿಗೆ ತಿಂಡಿಯೂ ಬೇಡ. ಅಂಗಡಿಯ ಬಣ್ಣದ ಮೀನಿದ್ದ ತೊಟ್ಟಿಯನ್ನು ಬಳಸಿ ಆ ಮೀನಿನ ರೋಗವನ್ನು ಕಡಲಿಗೆ ದಾಟಿಸುವುದೂ ಬೇಡ. ಇನ್ನು ಹವಳ, ಕಡಲ ಸೌತೆ, ಕಡಲ ಕುದುರೆ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿ ಸೇರಿವೆ. ಮಗುವಿನ ಡಬ್ಬಿಯಲ್ಲಿ ಅವು ಸಿಕ್ಕರೆ ಉತ್ತರ ಹೇಳಬೇಕಾದವರು ಮೇಷ್ಟ್ರು.

ಹುಬ್ಬಳ್ಳಿ, ಬೆಂಗಳೂರಿನ ಶಾಲೆಗಳು ಏನು ಮಾಡಬೇಕು? ಬಸ್ಸು ಹತ್ತಬೇಕು. ಅಡುಗೆ ಉಪ್ಪು ಕದಡಿದ ನಲ್ಲಿನೀರು ಸಮುದ್ರವಲ್ಲ, ಕ್ಲೋರಿನ್ ಬೇರೆ. ಪ್ರವಾಸದ ಪಟ್ಟಿಯಲ್ಲಿ ನೀರಾಟದ ಪಾರ್ಕಿಗೆ ಇರುವ ಜಾಗ ಇಳಿತದ ಬಂಡೆಗೇಕಿಲ್ಲ? ವಸ್ತುಪ್ರದರ್ಶನದ ತೀರ್ಪುಗಾರರು ಜೀವಂತ ತೊಟ್ಟಿಗೆ ಅಂಕ ಕೊಡುವುದನ್ನು ನಿಲ್ಲಿಸಲಿ. ಗುಂಡಿಯ ಪಕ್ಕ ಕೂತು ಬರೆದ ನೋಟ್‌ಬುಕ್ಕಿಗೆ ಕೊಡಲಿ. ಶಾಸಕರು ಬರುವವರೆಗೆ ತೊಟ್ಟಿ ತೆಗೆಯಬೇಡಿ ಎನ್ನುವ ಹೆಡ್‌ಮಾಸ್ತರರು ಮಣ್ಣಿನ ಏಡಿ ಮಾಡಿಸಿಕೊಳ್ಳಲಿ. ಅದು ಎಷ್ಟು ಹೊತ್ತಾದರೂ ಕಾಯುತ್ತದೆ.