ಕೋಡ್ ಬರೆದವನ ಪಾಲು

ಹನೂರಿನಿಂದ ಬೆಂಗಳೂರಿಗೆ ಹೋಗಿ, ಸಾಲ ನೀಡುವ ಆ್ಯಪ್ ತಯಾರಿಸುವ ನವೋದ್ಯಮವೊಂದರಲ್ಲಿ ಎಂಜಿನಿಯರ್ ಆಗಿರುವ ತರುಣನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಸಾಲ ಕೇಳಿದವರ ಮೊಬೈಲಿನಲ್ಲಿರುವ ಬಂಧುಮಿತ್ರರ ಸಂಖ್ಯೆಗಳನ್ನೆಲ್ಲ ಸಂಗ್ರಹಿಸುವ ಕೋಡ್ ಬರೆಯಲು ಅವನಿಗೆ ಸೂಚನೆ ಬರುತ್ತದೆ. ಕಂತು ತಪ್ಪಿದ ದಿನ ಆ ಸಂಖ್ಯೆಗಳಿಗೆ ಕರೆ ಮಾಡಿ ಸಾಲಗಾರನ ಮಾನ ಕಳೆಯುವವರು ಬೇರೆಯವರು. ‘ನಾನು ಬರೆದದ್ದು ಕೋಡ್ ಮಾತ್ರ’ ಎಂದು ಅವನು ಸಮಾಧಾನಪಟ್ಟುಕೊಳ್ಳಬಹುದು.

ತರುಣ ಕಲ್ಪಿತನಾದರೂ ಪ್ರಸಂಗ ಕಲ್ಪಿತವಲ್ಲ. ರಿಸರ್ವ್ ಬ್ಯಾಂಕಿನ ಕಾರ್ಯತಂಡವು 2021ರ ಮೊದಲ ಎರಡು ತಿಂಗಳಲ್ಲಿ ಲಭ್ಯವಿದ್ದ ಸುಮಾರು 1,100 ಸಾಲದ ಆ್ಯಪ್‌ಗಳನ್ನು ಪರಿಶೀಲಿಸಿ, 600 ಅಕ್ರಮವೆಂದು ಗುರುತಿಸಿತು. ಸಾಲಗಾರರ ಸಂಪರ್ಕ ಪಟ್ಟಿ, ಕರೆ ವಿವರ, ಚಿತ್ರಗಳನ್ನು ಆ್ಯಪ್‌ಗಳು ಮುಟ್ಟಕೂಡದೆಂಬ ಮಾರ್ಗಸೂಚಿ 2022ರ ಸೆಪ್ಟೆಂಬರ್‌ನಲ್ಲಿ ಬಂತು. ಆ 600 ಆ್ಯಪ್‌ಗಳೂ ಯಾರೋ ಎಂಜಿನಿಯರುಗಳ ಕೈಯಿಂದಲೇ ಹೊರಬಂದವು.

ವಸೂಲಿಯ ಕಿರುಕುಳ ಎಂಥದ್ದೆಂದು ಹನೂರಿನ ಕಡೆಯವರಿಗೆ ವಿವರಿಸಬೇಕಿಲ್ಲ. 2025ರ ಜನವರಿಯಲ್ಲಿ ಮೈಕ್ರೋಫೈನಾನ್ಸ್ ಸಿಬ್ಬಂದಿಯ ಕಾಟಕ್ಕೆ ಅಂಜಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ತೊರೆದವು. ಮರುತಿಂಗಳು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಅಲ್ಲಿ ಬಾಗಿಲು ತಟ್ಟಿದವರಿಗೆ ಮುಖವಿತ್ತು. ಆ್ಯಪ್‌ಗೆ ಅದೂ ಇಲ್ಲ.

ಮುಖವಿಲ್ಲದ ಈ ಪಾಪದ ಪಾಲನ್ನು ಹಂಚುವ ಬಗೆ ಜೈನಶಾಸ್ತ್ರಕ್ಕೆ ಹಳೆಯ ವಿಷಯ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಕರ್ಮದ ಆಸ್ರವಕ್ಕೆ 108 ದಾರಿಗಳನ್ನು ಎಣಿಸುತ್ತದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಮನ, ವಚನ, ಕಾಯಗಳೆಂಬ ಮೂರು, ತಾನೇ ಮಾಡುವುದು, ಮಾಡಿಸುವುದು, ಒಪ್ಪಿಕೊಳ್ಳುವುದು ಎಂಬ ಮೂರು, ಕಷಾಯಗಳು ನಾಲ್ಕು. ಇವುಗಳ ಗುಣಾಕಾರವೇ 108. ಇಂದು ಮದುವೆಮನೆಯನ್ನು ನೆನಪಿಸುವ ‘ಸಮಾರಂಭ’ಕ್ಕೆ ಅಲ್ಲಿರುವ ಅರ್ಥ, ಕೃತ್ಯಕ್ಕೆ ಬೇಕಾದ ಸಾಧನಗಳನ್ನು ಕೂಡಿಸುವುದು. ತರುಣ ಮಾಡುತ್ತಿರುವುದು ನಿಖರವಾಗಿ ಅದನ್ನೇ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊಡಲಿ, ಕತ್ತಿ, ಬೆಂಕಿ, ಸಂಕೋಲೆಗಳಂಥ ವಸ್ತುಗಳನ್ನು ಪರರ ಕೈಗಿಡುವುದನ್ನು ‘ಹಿಂಸಾದಾನ’ವೆಂದು ಕರೆದು, ಶ್ರಾವಕನು ಬಿಡಬೇಕಾದ ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ಸಂಪರ್ಕ ಪಟ್ಟಿ ಇಂದಿನ ಸಂಕೋಲೆ.

ಗೃಹಸ್ಥನ ದುಡಿಮೆಯಲ್ಲಿ ಉದ್ಯೋಗೀ ಹಿಂಸೆ ಅನಿವಾರ್ಯವಲ್ಲವೇ ಎಂದು ಕೇಳಬಹುದು. ಹೌದು, ಉಳುವವನ ನೇಗಿಲಿಗೆ ಹುಳು ಸಿಗುತ್ತದೆ. ಆದರೆ ಹುಳು ಸಾಯದಿದ್ದರೂ ಬೆಳೆ ಬರುತ್ತದೆ. ಸಾಲಗಾರ ಅವಮಾನಕ್ಕೆ ಅಂಜದಿದ್ದರೆ ಇಂಥ ಆ್ಯಪ್‌ನ ವಸೂಲಿಯೇ ನಡೆಯದು. ನೋವೇ ಗಳಿಕೆಯ ಸಾಧನವಾದಾಗ ಅದು ಸಂಕಲ್ಪೀ ಹಿಂಸೆಗೆ ಸಮೀಪ. ಅಣುವ್ರತಿಗೆ ಅಲ್ಲಿ ರಿಯಾಯಿತಿ ಇಲ್ಲ.

ಇಷ್ಟು ತಿಳಿದೂ ಅವನು ‘ಆಗದು’ ಎನ್ನಲಾರ. ಏಕೆ? ತಂದೆಯ ಕೊಳವೆಬಾವಿಯ ಸಾಲ ತೀರಿಸುವ ಹೊಣೆ ನಿಜವಾದದ್ದು. ಅದನ್ನು ಹಗುರವಾಗಿ ಕಾಣಬಾರದು. ಆದರೆ ನವೋದ್ಯಮಗಳಲ್ಲಿ ಇನ್ನೊಂದು ಕಟ್ಟು ಇರುತ್ತದೆ. ಸಂಬಳದ ಜೊತೆಗೆ ಷೇರುಗಳ ಭರವಸೆ ಸಿಗುತ್ತದೆ. ಅವು ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಕೈಸೇರುವಂಥವು. ತತ್ತ್ವಾರ್ಥಸೂತ್ರ ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ಮೂರ್ಛೆಯಲ್ಲಿ, ಅಂದರೆ ಮಮತ್ವದಲ್ಲಿ ಗುರುತಿಸುತ್ತದೆ. ಇನ್ನೂ ಕೈಗೆ ಬಾರದ, ಬಂದರೂ ಬೆಲೆ ಬಾಳುವುದೋ ಇಲ್ಲವೋ ತಿಳಿಯದ ಷೇರಿಗಾಗಿ ಮನಸ್ಸಾಕ್ಷಿಯನ್ನು ಮುಂದೂಡುವುದು ಅಪ್ಪಟ ಮೂರ್ಛೆ. ಹೀಗಾಗಿ ಮೊದಲ ವ್ರತವಾದ ಅಹಿಂಸೆ ಇಲ್ಲಿ ಐದನೆಯದಾದ ಪರಿಗ್ರಹ ಪರಿಮಾಣದ ಆಸರೆಯಿಲ್ಲದೆ ನಿಲ್ಲುವುದಿಲ್ಲ.

ಕೆಲಸ ಬಿಡೆಂದು ಶ್ರಾವಕಧರ್ಮ ಒಮ್ಮೆಲೇ ಹೇಳುವುದಿಲ್ಲ. ಈ ಕೋಡ್ ಬೇಡವೆಂದು ಅವನು ಬರಹದಲ್ಲಿ ತಿಳಿಸಬಹುದು. ರಿಸರ್ವ್ ಬ್ಯಾಂಕಿನ ನಿಯಮವೂ ಅವನ ಪರವಾಗಿದೆ. ಅದಕ್ಕೂ ಕಿವಿಗೊಡದಿದ್ದರೆ ಹೊರನಡೆಯುವುದೇ ಉಳಿಯುತ್ತದೆ. ಪರಿಮಾಣವನ್ನು ನಿಶ್ಚಯಿಸಬೇಕಾದ ಹೊತ್ತು ಮಾತ್ರ ಅದಲ್ಲ. ಷೇರಿನ ಪತ್ರಕ್ಕೆ ಸಹಿ ಹಾಕುವ ಮುನ್ನಿನ ದಿನ. ಹನೂರಿನ ಮನೆಗೆ ತಿಂಗಳಿಗೆ ಎಷ್ಟು ಕಳುಹಿಸಿದರೆ ಸಾಕು, ತನಗೆ ಎಷ್ಟು ಬೇಕು ಎಂಬ ಎರಡು ಅಂಕಿಗಳನ್ನು ಅಂದೇ ಬರೆದಿಟ್ಟುಕೊಂಡವನು, ಸೂಚನೆ ಬಂದ ಸಂಜೆ ಲೆಕ್ಕ ಹಾಕುತ್ತಾ ಕೂರಬೇಕಾಗುವುದಿಲ್ಲ.