ನೋವಿಗೂ ಸರದಿಯೇ?

‘ನರ್ವ್ ಬ್ಲಾಕ್ ಎಲ್ಲ ಗುರುಗ್ರಾಮದ ದೊಡ್ಡ ಆಸ್ಪತ್ರೆಗಳ ಶೋಕಿ. ಸರ್ಕಾರಿ ಆಸ್ಪತ್ರೆಯಲ್ಲಿ ಜೀವ ಉಳಿದರೆ ಸಾಕಪ್ಪ’ ಎಂದು ದೆಹಲಿ ಕನ್ನಡಿಗರ ಕೂಟವೊಂದರಲ್ಲಿ ಹಿರಿಯರೊಬ್ಬರು ತೀರ್ಪು ಕೊಟ್ಟರು. ಹೌದೆಂದು ತಲೆಯಾಡಿಸಿದವರೇ ಹೆಚ್ಚು. ನರ್ವ್ ಬ್ಲಾಕ್ ಎಂದರೆ ನರದ ಸುತ್ತ ಮದ್ದು ತುಂಬಿ, ನೋಯುವ ಭಾಗವನ್ನಷ್ಟೇ ಮರಗಟ್ಟಿಸುವ ಚುಚ್ಚುಮದ್ದು. ನನಗೆ ಈ ತೀರ್ಪು ತಲೆಕೆಳಗಾಗಿ ಕಾಣುತ್ತದೆ. ಆಪರೇಷನ್ನಿಗೆ ಬೇಗ ಸರದಿ ಬರುವವನಿಗಿಂತ, ದಿನಗಟ್ಟಲೆ ಕಾಯುವವನಿಗೇ ಬ್ಲಾಕ್ ಹೆಚ್ಚು ಬೇಕು.

ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಗೆ ಸ್ಟ್ರೆಚರ್ ಹತ್ತಿಸುವುದು, ಎಕ್ಸ್‌ರೇಗೆ ಮಗ್ಗುಲಾಗಿಸುವುದು, ಬೆಡ್‌ಪ್ಯಾನ್ ಇಡುವುದು ಎಲ್ಲವೂ ಹಿಂಸೆ. ಹಲವು ನೋವಿನ ಮಾತ್ರೆಗಳು ಮುದಿ ಮೂತ್ರಪಿಂಡಕ್ಕೆ ಕೇಡು. ಮಾರ್ಫಿನ್ ಮಂಪರು, ಮಲಬದ್ಧತೆ ತರುತ್ತದೆ. ಬದಲಿಗೆ ತೊಡೆಸಂದಿನ ಬಳಿ ಸ್ನಾಯುವಿನ ಪೊರೆಯ ಕೆಳಗೆ ಮರಗಟ್ಟಿಸುವ ಮದ್ದಾದ ಬ್ಯುಪಿವಕೇನ್ ತುಂಬಿ ಬ್ಲಾಕ್ ಕೊಟ್ಟರೆ ಅರ್ಧ ಗಂಟೆಯಲ್ಲಿ ನೋವು ಇಳಿಯುತ್ತದೆ, ಹಲವು ಗಂಟೆ ಹಾಗೇ ಇರುತ್ತದೆ, ಅಜ್ಜಿಯ ಎಚ್ಚರ ಕೆಡುವುದಿಲ್ಲ. ಇಂಥ ರೋಗಿಗಳಲ್ಲಿ ಬ್ಲಾಕ್‌ನಿಂದ ಬುದ್ಧಿಭ್ರಮಣೆಯೂ ಕಡಿಮೆಯಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2020ರ ಕಾಕ್ರೇನ್ ಪರಾಮರ್ಶೆ ಹೇಳಿತು. ಮದ್ದೇನೂ ದುಬಾರಿಯದಲ್ಲ, ಭಾರತದ ಅಗತ್ಯ ಔಷಧಿಗಳ ಪಟ್ಟಿಯಲ್ಲಿಯೇ ಇದೆ.

‘ನೋವು ಸುಳಿವು ಕೊಡುತ್ತದೆ, ಅದನ್ನು ಅಡಗಿಸಬೇಡಿ’ ಎನ್ನುವ ಮೂಳೆ ತಜ್ಞರ ಆಕ್ಷೇಪ ತೂಕದ್ದು. ಮೊಣಕಾಲ ಕೆಳಗಿನ ಎಲುಬು ಮುರಿದಾಗ ಸ್ನಾಯುಗಳೊಳಗೆ ಒತ್ತಡ ಏರಿ ಕಾಲೇ ಹೋಗಬಹುದು. ಅದರ ಮೊದಲ ಗುರುತು ಮಿತಿಮೀರಿದ ನೋವು. ಅಲ್ಲಿ ಶಸ್ತ್ರವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಸೊಂಟದ ಮುರಿತದಲ್ಲಿ ಈ ಅಪಾಯ ತೀರಾ ವಿರಳ. ಇನ್ನೊಂದು ಅಪಾಯವೂ ಉಂಟು: ಬ್ಲಾಕ್‌ನ ಮದ್ದು ಹೆಚ್ಚಾಗಿ ರಕ್ತಕ್ಕೆ ಸೇರಿದರೆ ಫಿಟ್ಸ್ ಬರಬಹುದು, ಹೃದಯ ನಿಲ್ಲಬಹುದು. ಆದ್ದರಿಂದ ಮಾನಿಟರ್, ಆ ವಿಷಕ್ಕೆ ಪ್ರತಿಮದ್ದಾದ ಲಿಪಿಡ್ ದ್ರಾವಣ, ಪಳಗಿದ ಕೈ ಇಲ್ಲದೆ ಸೂಜಿ ಹಿಡಿಯಕೂಡದು. ‘ನೋವು ತಿಂದರೆ ಮನುಷ್ಯ ಗಟ್ಟಿಯಾಗುತ್ತಾನೆ’ ಎನ್ನುವವರು ಒಮ್ಮೆ ಆ ಸ್ಟ್ರೆಚರ್ ಮೇಲೆ ಮಲಗಲಿ.

ರಾಜಧಾನಿ ಪ್ರದೇಶದಲ್ಲಿ ಇನ್ನೊಂದು ತೊಡಕುಂಟು. ನರ ಕಾಣಲು ಅಲ್ಟ್ರಾಸೌಂಡ್ ಬೇಕು. ಆ ಯಂತ್ರ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ಹಿಡಿತದಲ್ಲಿದೆ. 2011ರ ಜನಗಣತಿಯಂತೆ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹರಿಯಾಣದಲ್ಲಿ 834, ದೆಹಲಿಯಲ್ಲಿ 871 ಹೆಣ್ಣುಮಕ್ಕಳು. ಇಂಥ ಕಡೆ ಕಾಯ್ದೆ ಸಡಿಲಿಸಿ ಎನ್ನಲು ನಾಲಿಗೆ ಏಳುವುದಿಲ್ಲ. ಆದರೂ ಕೈಯಲ್ಲಿ ಒಯ್ಯುವ ಯಂತ್ರವನ್ನು ನೋಂದಾಯಿತ ಆವರಣದಿಂದಾಚೆ ಬಳಸದಂತೆ 2012ರ ನಿಯಮ ಕಟ್ಟಿಹಾಕಿತು. ನೋಯ್ಡಾ, ದೆಹಲಿ, ಫರೀದಾಬಾದ್ ಎಂದು ಮೂರು ಆಡಳಿತಗಳ ನಡುವೆ ಓಡಾಡುವ ಅರಿವಳಿಕೆ ತಜ್ಞ ಯಂತ್ರವನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋಗುವಂತಿಲ್ಲ. ಯಂತ್ರದಲ್ಲಿ ಮೈಗೆ ಒತ್ತುವ ಭಾಗವೇ ಪ್ರೋಬ್; ಚರ್ಮದಡಿಯ ನರ ನೋಡುವ ಲೀನಿಯರ್ ಪ್ರೋಬ್ ಗರ್ಭದ ಆಳಕ್ಕೆ ತಕ್ಕುದಲ್ಲ. ಪ್ರೋಬ್ ಬದಲಿಸಿಬಿಟ್ಟರೆ ಎಂಬ ಅನುಮಾನ ನ್ಯಾಯವೇ. ಹಾಗಿದ್ದರೆ ಬೇರೆ ಪ್ರೋಬ್ ಕೂರಿಸಲಾಗದ ಯಂತ್ರಗಳಿಗೆ ಪ್ರತ್ಯೇಕ ನಿಯಮ ಬರಲಿ.

ಹಾಗೆಂದು ಯಂತ್ರದ ನೆಪ ಹೇಳಿ ಕೈಕಟ್ಟಿ ಕೂರುವಂತೆಯೂ ಇಲ್ಲ. ತೊಡೆಸಂದಿನ ಇದೇ ಬ್ಲಾಕನ್ನು ಫ್ರಾನ್ಸಿನ ವೈದ್ಯ ದಾಲೆನ್ಸ್ 1989ರಲ್ಲಿ ಮಕ್ಕಳಿಗಾಗಿ ವಿವರಿಸಿದ ವಿಧಾನಕ್ಕೆ ಮೊಂಡು ಸೂಜಿ ಸಾಕು. ಅದು ಎರಡು ಪೊರೆ ದಾಟಿದ್ದು ಕೈಗೇ ತಿಳಿಯುತ್ತದೆ. ಅಲ್ಟ್ರಾಸೌಂಡ್‌ನಷ್ಟು ಖಚಿತವಲ್ಲದಿದ್ದರೂ ಏನೂ ಮಾಡದೆ ಇರುವುದಕ್ಕಿಂತ ಎಷ್ಟೋ ಮೇಲು. ಸರ್ಕಾರಿ ಆಸ್ಪತ್ರೆಗೆ ಬೇಕಾದುದು ಇದನ್ನು ಕಲಿತ ಕ್ಯಾಜುವಾಲ್ಟಿ ವೈದ್ಯರು, ಜೊತೆಗೆ ಕೇಸ್ ಶೀಟಿನಲ್ಲಿ ಎರಡು ಸಾಲು: ರೋಗಿ ಬಂದ ಹೊತ್ತು, ನೋವು ಇಳಿಸಿದ ಹೊತ್ತು. ಈ ಎರಡರ ನಡುವಿನ ಅಂತರಕ್ಕೆ ಆಸ್ಪತ್ರೆ ಉತ್ತರ ಕೊಡುವಂತಾಗಲಿ.